ಬಚ್ಚಲ ಹಿಂದಿನ ಪುದೀನ

ಮೊನ್ನೆ ಮುಂಡರಗಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆಗೆ ಹೋಗಿದ್ದೆ. ಹಿಂದಿನ ಓಣಿಯಲ್ಲಿ ತಾಡಪತ್ರಿ ಕಟ್ಟಿ, ಅದರ ನೆರಳಿನಲ್ಲಿ ಅಡುಗೆಯವರು ಬಿರಿಯಾನಿಗೆ ತಯಾರಿ ನಡೆಸಿದ್ದರು. ಹೆಂಗಸರು ನಾಲ್ಕೈದು ಜನ ಚಾಪೆಯ ಮೇಲೆ ಕುಳಿತು ಪುದೀನದ ಕಟ್ಟು ಬಿಚ್ಚಿ ಎಲೆ ಬಿಡಿಸುತ್ತಿದ್ದರು. ನಾನು ಕೈಕಾಲು ತೊಳೆದುಕೊಂಡು ಆ ಕಡೆಯಿಂದ ಹಾದು ಬಂದೆ, ಅಷ್ಟೇ. ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಹಸಿವಿನ ವಾಸನೆ, ಹಬ್ಬದ ವಾಸನೆ. ನನಗೆ ಮಾತ್ರ ಎದೆಯ ಕೆಳಗೆ ಸಣ್ಣಗೆ ಉರಿದಂತಾಯಿತು. ಮಗಳ ಮದುವೆ ಮಾಡಿ ಮುಗಿಸಿದ ಹೆಂಗಸು ನಾನು. ಆ ಕ್ಷಣಕ್ಕೆ ಮತ್ತೆ ಹದಿನೇಳರ ಹುಡುಗಿಯಾಗಿ, ಬೆಟಗೇರಿಯ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ಸಿಟ್ಟು ನುಂಗಿಕೊಂಡು ನಿಂತಿದ್ದೆ. ಹೊಟ್ಟೆಕಿಚ್ಚಿಗೆ ಒಂದು ವಾಸನೆ ಇರುವುದಾದರೆ, ನನ್ನ ಪಾಲಿಗೆ ಅದು ಪುದೀನದ್ದೇ.

ಗದಗ ಬೇರೆ ಜಿಲ್ಲೆಯಾದ ವರ್ಷ ಅದು. ಇನ್ನು ಸಣ್ಣಪುಟ್ಟ ಕೆಲಸಕ್ಕೂ ಧಾರವಾಡಕ್ಕೆ ಅಲೆಯುವುದು ತಪ್ಪಿತು ಎಂದು ಊರೆಲ್ಲ ಸಂಭ್ರಮ. ನಮ್ಮ ಅಪ್ಪನಿಗೆ ಸಂಭ್ರಮಕ್ಕೆ ಬೇರೆ ಕಾರಣವಿತ್ತು. ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವುದು ಅಪ್ಪನ ಕಸಬು; ಮನೆಮಾತು ಕನ್ನಡ. ಮುಂದಿನ ಕೋಣೆ ಅಂಗಡಿ, ಅದರ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಹಿಂಜುವ ಯಂತ್ರ, ಹಿಂದೆ ನಮ್ಮ ಸಂಸಾರ. "ಹೊಸ ಜಿಲ್ಲಾ ಅಂದ್ರ ಹೊಸ ಸಾಹೇಬ್ರು ಬರ್ತಾರ. ಸಾಹೇಬ್ರು ಏನು ಬರೇ ನೆಲದ ಮ್ಯಾಲ ಮಲಗ್ತಾರೇನು?" ಎಂದು ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಬಾಡಿಗೆ ಮನೆ ಹಿಡಿದ ನೌಕರರು, ಕುರ್ಚಿಗೆ ಮೆತ್ತೆ ಬೇಕೆಂದು ಬಂದ ಕಚೇರಿಯ ಜವಾನರು, ಹೊಸ ಹಾಸ್ಟೆಲಿನವರು, ಹೀಗೆ ಕೆಲಸದ ಮೇಲೆ ಕೆಲಸ. ಯಂತ್ರ ಬೆಳಗಿನಿಂದ ಸಂಜೆಯವರೆಗೆ ಗರಗರ ತಿರುಗುತ್ತಿತ್ತು. ಮನೆಯ ಪಾತ್ರೆಗಳ ಮೇಲೆ, ನಮ್ಮ ಹುಬ್ಬುಗಳ ಮೇಲೆ ಕೂಡ ಬಿಳಿ ಧೂಳು.

ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಹೆಸರು ಖಾಜಾಬಿ. ಅವಳಿಗೆ ನಾನೊಬ್ಬಳೇ ಮಗಳು. ಅವ್ವ ಹೋದ ಮೇಲೆ ಹತ್ತನೆಯ ಇಯತ್ತೆ ಹೇಗೋ ಮುಗಿಸಿ, ಮನೆ ನನ್ನ ಕೈಗೆ ತೆಗೆದುಕೊಂಡಿದ್ದೆ. ಜೋಳ ಹಸನು ಮಾಡಿ ಗಿರಣಿಗೆ ಕೊಡುವುದು, ನಳಕ್ಕೆ ನೀರು ಬಂದ ದಿನ ಕೊಡ, ಹಂಡೆ, ಬ್ಯಾರಲ್ಲು ತುಂಬಿಸುವುದು, ಗಿರಾಕಿಗಳಿಗೆ ಚಹಾ ಕಳಿಸುವುದು, ಎಲ್ಲ ನನ್ನದೇ. ಹಿರಿಯ ಹೆಂಗಸಿನ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಪಕ್ಕದ ಮನೆಯ ನೇಕಾರರ ನೀಲವ್ವ ಹಿತ್ತಲ ಬಾಗಿಲಿನಿಂದ ಬಂದು, ಅವ್ವನ ಜೊತೆ ಕುಳಿತು ಹರಟುತ್ತಿದ್ದ ಹಾಗೆಯೇ ನನ್ನ ಜೊತೆ ಕುಳಿತು ಹರಟುತ್ತಿದ್ದಳು. ಅಪ್ಪ ಉಣ್ಣಲು ಕುಳಿತಾಗ, "ನಮ್ಮ ಮನಿ ಯಜಮಾಂತಿ ಏನ್ ಮಾಡ್ಯಾಳ ಇವತ್ತ?" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಇನ್ನೂ ಹತ್ತು ಮನೆಯ ರೊಟ್ಟಿ ಬಡಿಯುತ್ತಿದ್ದೆ.

ಹೀಗಿರುವಾಗ ಲಕ್ಷ್ಮೇಶ್ವರದಿಂದ ಅತ್ತಿ ಬಂದಳು. ಕಾಶಿಂಬಿ ಅತ್ತಿ, ಅಪ್ಪನ ಅಕ್ಕ. ಅವಳು ಬಂದರೆ ಮೊದಲು ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾಳೆ, ಆಮೇಲೆ ಮಾತು. ಆ ದಿನ ಡಬ್ಬಿ ನೋಡಲಿಲ್ಲ. ನನ್ನನ್ನೇ ನೋಡಿದಳು.

"ಇಮಾಮು, ಶಾನೂ ಎದಿಮಟ ಬಂದಾಳ. ಇವತ್ತಿಲ್ಲ ನಾಳಿ ಕೊಟ್ಟು ಕಳಸೂದ. ಆಮ್ಯಾಲ ನಿನಗ ಒಂದು ಬಟ್ಟಲ ನೀರು ಯಾರು ಕೊಡ್ತಾರ?"

ಅಪ್ಪ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು. "ಅಕ್ಕಾ, ಈಗ್ಯಾಕ ಆ ಮಾತು?" ಎಂದರು. ಬೇಡ ಎನ್ನಲಿಲ್ಲ. ಅವರು ಬೇಡ ಎನ್ನಲಿಲ್ಲ ಎನ್ನುವುದು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಅತ್ತಿಗಿಂತ ಮೊದಲೇ ತಿಳಿಯಿತು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಿಕಾಹ್ ಆಯಿತು. ಡಂಬಳದ ಹೆಣ್ಣು, ಹೆಸರು ಮಾಬೂಬಿ. ಮದುವೆಯಾಗಿ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ಅಣ್ಣನ ಮನೆಯಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದವಳು. ಚಿಗವ್ವ ಎಂದು ಕರೆಯಬೇಕು ಎಂದು ಅತ್ತಿ ನನಗೆ ಹೇಳಿಕೊಟ್ಟಳು, ಕರೆದೆ. ಕಪ್ಪಗೆ, ತೆಳ್ಳಗೆ, ನಡೆದರೆ ಸಪ್ಪಳವಾಗದ ಹೆಂಗಸು. ಟೆಂಪೋದಿಂದ ಇಳಿದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಹಸಿ ಗೋಣಿತಾಟು ಸುತ್ತಿದ ಒಂದು ಗಂಟು. ಏನೋ ತವರಿನ ಬೆಳ್ಳಿಯೋ ಬಟ್ಟೆಯೋ ಇರಬೇಕೆಂದು ನಾನು ಕಣ್ಣು ಹಾಯಿಸಿದೆ. ಮರುದಿನ ಬೆಳಿಗ್ಗೆ ಅವಳು ಗಂಟು ಬಿಚ್ಚಿದಳು. ಕೆಸರು ಮೆತ್ತಿದ ಬೇರು, ಬಾಡಿದ ಎಲೆ. ಪುದೀನ.

"ನಮ್ಮ ಕೆರಿ ಕೆಳಗಿನ ತ್ವಾಟದ್ದು," ಎಂದಳು ನನಗೆ. "ಇಲ್ಲಿ ಬಚ್ಚಲ ನೀರು ಎಲ್ಲಿ ಹೋಗ್ತೈತಿ?"

ಬಚ್ಚಲಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ನೆರಳಿನಲ್ಲಿ ಒಂದು ಅಂಗೈಯಗಲ ತೇವದ ಜಾಗವಿತ್ತು. ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದಲೇ ನೆಲ ಕೆದಕಿ ನೆಟ್ಟಳು. ಗಂಡನ ಮನೆಗೆ ಬಂದವಳು ಕಸ ಹೊತ್ತು ತರುತ್ತಾಳೆಯೇ ಎಂದು ನಾನು ನೀಲವ್ವನ ಹತ್ತಿರ ನಕ್ಕೆ. ನೀಲವ್ವ ನಗಲಿಲ್ಲ. "ಬೇರು ಹಿಡದ್ರ ನನಗೂ ನಾಕ ಎಲಿ ಸಿಗ್ತಾವ ಬಿಡವ," ಎಂದಳು.

ನಮ್ಮೂರಿನಲ್ಲಿ ನಳದ ನೀರು ಬರುವುದು ಯಾವಾಗಲೋ ಒಮ್ಮೆ. ಒಂದು ತಂಬಿಗೆ ನೀರೂ ಗಿಡಕ್ಕೆ ಹೋಗಬಾರದು ಎಂದು ನಾನು ಕಣ್ಣಿಟ್ಟು ಕಾದೆ. ಅವಳು ಒಂದು ತಂಬಿಗೆಯನ್ನೂ ಹಾಕಲಿಲ್ಲ. ಅಕ್ಕಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು, ಕೈ ತೊಳೆದ ನೀರನ್ನೇ ಆ ಕಡೆ ತಿರುಗಿಸುತ್ತಿದ್ದಳು. ತಪ್ಪು ಹಿಡಿಯಲು ಏನೂ ಸಿಗದೆ ನನಗೆ ಇನ್ನೂ ಉರಿಯಿತು. ಗಿಡವಾದರೂ ಸಾಯಬಹುದಿತ್ತು. ಅದೂ ಸಾಯಲಿಲ್ಲ. ಮಳೆ ನಿಲ್ಲುವಷ್ಟರಲ್ಲಿ ಕಲ್ಲಿನ ಸುತ್ತ ಹಬ್ಬಿ, ಬಚ್ಚಲಿಗೆ ಹೋದರೆ ಲಂಗಕ್ಕೆ ತಾಗಿ ಘಮ್ಮೆನ್ನುತ್ತಿತ್ತು. ನನ್ನ ಬಟ್ಟೆಗೆ ಅವಳ ವಾಸನೆ.

ಅವಳು ಮೊದಲ ಸಲ ಚಟ್ನಿ ಅರೆದ ದಿನ ನನಗೆ ಚೆನ್ನಾಗಿ ನೆನಪಿದೆ. ಪುದೀನ, ಹಸಿಮೆಣಸಿನಕಾಯಿ, ಹುರಿದ ಶೇಂಗಾ, ಬೆಳ್ಳುಳ್ಳಿ, ಚೂರು ಹುಣಸೆಹಣ್ಣು. ಎಲ್ಲ ಒರಳಲ್ಲಿ ಹಾಕಿ ನುಣ್ಣಗೆ ಮಾಡದೆ ತರಿತರಿಯಾಗಿ ಕುಟ್ಟಿದಳು. ರೊಟ್ಟಿ ನಾನು ಬಡಿದಿದ್ದೆ. ಅಪ್ಪ ಒಂದು ತುತ್ತು ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ತಾಟು ಮುಂದೆ ತಳ್ಳಿ, "ಮಾಬೂಬಿ, ಇನ್ನೊಂದು ರೊಟ್ಟಿ ಹಾಕು," ಎಂದರು.

ರೊಟ್ಟಿ ನನ್ನದು. ಬಿಸಿ ಹಂಚಿನ ಮುಂದೆ ಕುಳಿತು ಬೆವರಿದವಳು ನಾನು. ಕೇಳಿದ್ದು ಅವಳನ್ನು. ಅವಳು ನನ್ನ ಬುಟ್ಟಿಯಿಂದ ನನ್ನ ರೊಟ್ಟಿ ತೆಗೆದು ಹಾಕಿದಳು. ಅಂದು ನಾನು ಆ ಚಟ್ನಿ ಮುಟ್ಟಲಿಲ್ಲ. ಬರೀ ಮೊಸರಿನಲ್ಲಿ ಉಂಡೆ. ಅವರಿಬ್ಬರು ಎದ್ದು ಹೋದ ಮೇಲೆ ಬೆರಳಿನಿಂದ ಒರಳಿನ ತಳ ಬಳಿದು ನೆಕ್ಕಿ ನೋಡಿದೆ. ಬಹಳ ಚೆನ್ನಾಗಿತ್ತು. ಅದು ಇನ್ನೂ ದೊಡ್ಡ ಸಂಕಟವಾಯಿತು.

ಆಮೇಲೆ ಓಣಿಯ ಜನ ಹಿತ್ತಲ ಬಾಗಿಲು ಬಡಿಯತೊಡಗಿದರು. ನೀಲವ್ವನ ಸೊಸೆ ಬಸುರಿ. ಬೆಳಗಾದರೆ ವಾಕರಿಕೆ, ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಚಿಗವ್ವ ನಾಲ್ಕು ಎಲೆ ಜಜ್ಜಿ, ನಿಂಬೆಹಣ್ಣಿನ ರಸ, ಚೂರು ಉಪ್ಪು ಹಾಕಿ ಕೊಟ್ಟು, "ಒಮ್ಮಿಗೇ ಕುಡೀಬ್ಯಾಡ, ಸ್ವಲ್ಪ ಸ್ವಲ್ಪ ನೆಕ್ಕು," ಎಂದಳು. ಅದು ಅವಳಿಗೆ ಹಿಡಿಸಿತು. ಇನ್ನೊಬ್ಬರ ಮನೆಯಲ್ಲಿ ಹೊಟ್ಟೆಯುಬ್ಬರ, ಮತ್ತೊಬ್ಬರಿಗೆ ತಲೆನೋವು. ಜೀರಿಗೆ ಜೊತೆ ಕುದಿಸಿ ಕಷಾಯ, ಅರೆದು ಹಣೆಗೆ ಪಟ್ಟು, ಒಣಗಿಸಿ ಪುಡಿ ಮಾಡಿ ಮಜ್ಜಿಗೆಗೆ. ವೈದ್ಯರಂತೆ ಮಾತಾಡುತ್ತಿರಲಿಲ್ಲ ಅವಳು. "ನಮ್ಮ ಕಡೆ ಹಿಂಗ ಮಾಡ್ತಾರ, ಕಡಿಮಿ ಆಗಲಿಲ್ಲಂದ್ರ ದವಾಖಾನಿಗೆ ಹೋಗ್ರಿ," ಎನ್ನುತ್ತಿದ್ದಳು, ಅಷ್ಟೇ. ಆದರೂ ಜನ ಬರುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ನೀಲವ್ವ. ಅವಳು ಅವ್ವನ ಗೆಳತಿ. ಅವ್ವ ಹೋದ ಮೇಲೆ ನನ್ನವಳು. ಈಗ ಅವಳು ಬಾಗಿಲಲ್ಲೇ, "ಮಾಬೂಬೀ, ಒಂದೀಟು ಪುದೀನಾ ಕೊಡ ಬಾ," ಎಂದು ಕೂಗುತ್ತಿದ್ದಳು. ಬಂದವಳು ಒಗೆಯುವ ಕಲ್ಲಿನ ಮೇಲೆಯೇ ಕುಳಿತುಬಿಡುತ್ತಿದ್ದಳು. ಇಬ್ಬರೂ ಏನೇನೋ ಮಾತು, ನಗು. ನಾನು ಒಳಗೆ ಬೇಕೆಂದೇ ಪಾತ್ರೆ ಸಪ್ಪಳ ಮಾಡುತ್ತಿದ್ದೆ. ಒಬ್ಬರೂ ಏನೆಂದು ಕೇಳುತ್ತಿರಲಿಲ್ಲ.

ಚಳಿ ಶುರುವಾಯಿತು. ಹಾಸ್ಟೆಲಿನ ಗಾದಿಗಳ ಕೆಲಸ ಜೋರಾಯಿತು. ಅಪ್ಪನಿಗೆ ಮೊದಲಿನಿಂದಲೂ ಹತ್ತಿ ಧೂಳಿನ ಕೆಮ್ಮು. ಆ ಸಲ ಅದು ಎದೆಗೆ ಇಳಿಯಿತು. ಮೂಗು ಕಟ್ಟಿ, ಉಸಿರು ಸಿಳ್ಳೆ ಹಾಕುತ್ತಿತ್ತು. ದವಾಖಾನೆಯ ಗುಳಿಗೆ ತಂದಿದ್ದೆವು. ಅಪ್ಪನ ಕೆಮ್ಮಿಗೆ ಶುಂಠಿ ಚಹಾ ಮಾಡುವುದು ನನ್ನ ಹಕ್ಕು, ಅವ್ವನಿಂದ ಬಂದ ಹಕ್ಕು. ಒಂದು ಸಂಜೆ ಶುಂಠಿ ಜಜ್ಜಿ, ಬೆಲ್ಲ ಹಾಕಿ, ಚಹಾ ಕುದಿಸಿ ತಂದೆ. ನೋಡುತ್ತೇನೆ, ಅಪ್ಪ ಕಂಬಳಿ ಮುಸುಕು ಹಾಕಿಕೊಂಡು ಕವುಚಿದ ಬುಟ್ಟಿಯ ಹಾಗೆ ಕುಳಿತಿದ್ದಾರೆ. ಕಂಬಳಿಯ ಸಂದಿಯಿಂದ ಹಬೆ. ಒಳಗೆ ಬೋಗುಣಿ ತುಂಬ ಕುದಿಯುವ ನೀರು, ಅದರಲ್ಲಿ ಪುದೀನ. ಚಿಗವ್ವ ಕಂಬಳಿಯ ಅಂಚು ಒತ್ತಿ ಹಿಡಿದು, "ಬಾಯಿ ಮುಚ್ಚರಿ. ಮೂಗಿಂದ ಎಳೀರಿ. ಅವಸರ ಮಾಡಬ್ಯಾಡ್ರಿ," ಎನ್ನುತ್ತಿದ್ದಳು, ಮಗುವಿಗೆ ಹೇಳುವ ಹಾಗೆ.

ಅಪ್ಪ ಕಂಬಳಿ ಸರಿಸಿದರು. ಮುಖ ಕೆಂಪಗೆ, ಕಣ್ಣಲ್ಲಿ ನೀರು. ಉದ್ದಕ್ಕೆ ಉಸಿರೆಳೆದು ಬಿಟ್ಟರು. "ಯಾ ಅಲ್ಲಾ, ಎದಿಯೊಳಗ ಯಾರೋ ಕಿಡಕಿ ತೆಗೆದಂಗಾತು," ಎಂದರು. ನಾನು ಚಹಾದ ಬಸಿ ಹಿಡಿದು ನಿಂತೇ ಇದ್ದೆ. ನನ್ನನ್ನು ನೋಡಿ, "ಚಾ ಅಲ್ಲೇ ಇಡವ್ವಾ, ಆಮ್ಯಾಲ ಕುಡೀತೀನಿ," ಎಂದರು.

ಇಟ್ಟೆ. ಅದು ಆರಿ, ಮೇಲೆ ಕೆನೆ ಕಟ್ಟಿತು. ಅಪ್ಪ ಗುಣವಾಗಲಿ ಎಂದು ನಮಾಜಿನಲ್ಲಿ ಬೇಡಿಕೊಂಡವಳು ನಾನು; ಗುಣವಾದರೆ ಸಾಕಿತ್ತಲ್ಲವೇ? ಸಾಲಲಿಲ್ಲ. ನನ್ನ ಕೈಯಿಂದಲೇ ಗುಣವಾಗಬೇಕಿತ್ತು.

ರಮ್ಜಾನ್ ಬಂತು. ಇಡೀ ತಿಂಗಳು ಸಂಜೆ ರೋಜಾ ಬಿಟ್ಟ ಮೇಲೆ ಕರಿದ ತಿಂಡಿಯ ಹೊಟ್ಟೆಗೆ ಅವಳ ಪುದೀನದ ಕಷಾಯ. ಹಬ್ಬಕ್ಕೆ ಎರಡು ದಿನ ಮೊದಲೇ ಅತ್ತಿ ಲಕ್ಷ್ಮೇಶ್ವರದಿಂದ ಬಂದಿಳಿದಳು. ಈದಿನ ಬಿರಿಯಾನಿ ಎಂದರೆ ನಮ್ಮ ಮನೆಯಲ್ಲಿ ಅವ್ವನ ಹೆಸರೇ. ಅವಳಿದ್ದಾಗ ಆ ದಿನ ಅಪ್ಪನ ಗೆಳೆಯರೆಲ್ಲ ನಮ್ಮಲ್ಲೇ ಉಣ್ಣುತ್ತಿದ್ದರು. ಅವಳು ಹೋದ ಮೇಲೆ ನಾನು ಮಾಡಿದ್ದೆ, ಅನ್ನ ಮುದ್ದೆಯಾಗಿತ್ತು. ಅಪ್ಪ ಏನೂ ಹೇಳದೆ ಉಂಡಿದ್ದರು. ಈ ಸಲ ಸರಿಯಾಗಿ ಮಾಡಿ ತೋರಿಸುತ್ತೇನೆ ಎಂದು ನಾನು ಮನಸ್ಸಿನಲ್ಲೇ ಅಳತೆ ಹಾಕಿಕೊಂಡಿದ್ದೆ.

"ಈ ಸಲ ಮಾಬೂಬಿ ಮಾಡ್ಲಿ," ಎಂದಳು ಅತ್ತಿ. "ಶಾನೂ, ನೀ ಸುರಕುಂಬಾ ನೋಡ್ಕೋ."

ಚಿಗವ್ವ ನನ್ನ ಕಡೆ ನೋಡಿ, "ಶಾನೂನ ಮಾಡ್ಲಿ ಬಿಡ್ರಿ. ನಾ ಕೈ ಜೋಡಸ್ತೀನಿ," ಎಂದಳು.

ಅವಳು ನನಗೆ ದಾನ ಕೊಡುತ್ತಿದ್ದಾಳೆ ಎನ್ನಿಸಿತು. "ನನಗ ಬ್ಯಾಡ. ನೀವ ಮಾಡ್ರಿ," ಎಂದು ಶಾವಿಗೆಯ ಡಬ್ಬಿ ಎತ್ತಿಕೊಂಡು ಆಚೆ ಒಲೆಗೆ ಹೋದೆ. ಹಾಲಿನಲ್ಲಿ ಶಾವಿಗೆ, ಒಣ ಖರ್ಜೂರ ಹಾಕಿ ಸುರಕುಂಬಾ ಮಾಡುವುದು ಅಂಥ ಕಷ್ಟದ್ದೇನಲ್ಲ. ಕೈ ತಿರುವುತ್ತಿತ್ತು, ಕಣ್ಣು ಮಾತ್ರ ಅವಳ ಮೇಲೆ. ಅವಳು ಹಿತ್ತಲಿಗೆ ಹೋಗಿ ಸೆರಗು ತುಂಬ ಪುದೀನ ಕೊಯ್ದು ತಂದಳು. ಪದರು ಪದರಾಗಿ ಹಾಕಿದಳು. ನನಗೆ ಗೊತ್ತಿತ್ತು, ಅವ್ವ ಅಷ್ಟು ಪುದೀನ ಹಾಕುತ್ತಿರಲಿಲ್ಲ. ಅವಳದು ಕೊತ್ತಂಬರಿ ಹೆಚ್ಚು, ಖಾರ ಹೆಚ್ಚು. ಇದು ಬೇರೆಯೇ ಆಗುತ್ತದೆ, ಅಪ್ಪನಿಗೆ ಹಿಡಿಸುವುದಿಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ಮುಚ್ಚಳ ತೆಗೆದಾಗ ಆ ಪರಿಮಳ ಅಂಗಡಿಯವರೆಗೆ ಹೋಯಿತು. ನಮಾಜು ಮುಗಿಸಿ ಬಂದ ಅಪ್ಪನ ಗೆಳೆಯರು ಸಾಲಾಗಿ ಕುಳಿತರು. ಅಪ್ಪ ಮೊದಲ ತುತ್ತು ತಿಂದರು. ಕಣ್ಣು ಮುಚ್ಚಿದರು. ಎಲ್ಲರೂ ಕಾಯುತ್ತಿದ್ದರು. ಚಿಗವ್ವ ಬಾಗಿಲ ಮರೆಯಲ್ಲಿ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು.

"ಖಾಜಾಬಿ ಕೈ," ಎಂದರು ಅಪ್ಪ. "ಥೇಟ್ ಖಾಜಾಬಿ ಕೈ ಇದ್ದಂಗ ಐತಿ."

ಗೆಳೆಯರೆಲ್ಲ ಹೌದು ಹೌದು ಎಂದರು. ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪನಿಗೆ ಹೊಗಳಲು ಅದಕ್ಕಿಂತ ದೊಡ್ಡ ಮಾತು ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕಣ್ಣು ಕತ್ತಲಿಟ್ಟಿತು. ಅಪ್ಪನನ್ನು ತೆಗೆದುಕೊಂಡಳು, ನೀಲವ್ವನನ್ನು ತೆಗೆದುಕೊಂಡಳು. ಕೊನೆಗೆ ಸತ್ತ ಅವ್ವನ ಕೈರುಚಿಯನ್ನೂ ತನ್ನದು ಮಾಡಿಕೊಂಡಳಲ್ಲ! ನಾನು ಉಣ್ಣಲಿಲ್ಲ. ಚಿಗವ್ವನೂ ಉಣ್ಣಲಿಲ್ಲವೆಂದು ಅತ್ತಿ ಸಂಜೆ ಗೊಣಗಿದ್ದು ಕಿವಿಗೆ ಬಿತ್ತು. ಮಾಡಿ ಮಾಡಿ ದಣಿದಿರಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅತ್ತಿ ಮುಖ ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು. ನಾನು ಹೆರಳು ಬಿಚ್ಚಿಕೊಂಡೇ ಓಡಿದೆ. ಅಪ್ಪ ಅಂಗಡಿಯಿಂದ ಬಂದರು. ಕಲ್ಲಿನ ಸುತ್ತ ಪುದೀನದ ಒಂದು ಎಸಳೂ ಉಳಿದಿರಲಿಲ್ಲ. ಬೇರುಸಮೇತ ಕಿತ್ತು ಗುಡ್ಡೆ ಹಾಕಿತ್ತು. ಕೆದರಿದ ಕಪ್ಪು ಮಣ್ಣು, ತುಳಿದ ದಂಟು, ವಾಸನೆಯೆಂದರೆ ಉಸಿರುಗಟ್ಟುವಷ್ಟು.

"ಆಡು ನುಗ್ಗಿರಬೇಕು," ಎಂದರು ಅಪ್ಪ.

"ಆಡು ಕಿತ್ತು ಗುಡ್ಡಿ ಹಾಕ್ತೈತೇನೋ?" ಎಂದಳು ಅತ್ತಿ. ಆಮೇಲೆ ತಿರುಗಿ ನನ್ನನ್ನು ನೋಡಿದಳು. "ಶಾನೂ. ಆರು ತಿಂಗಳಿಂದ ಬಂದಾಗೊಮ್ಮೆ ನೋಡಾಕ ಹತ್ತೀನಿ ನಿನ್ನ ಮಾರಿ. ಇದು ನಿಂದ ಕೆಲಸ."

ಅಪ್ಪ ನನ್ನ ಕಡೆ ನೋಡಿದರು. ಬೈಯಲಿಲ್ಲ. "ಯಾಕವ್ವಾ?" ಎಂದರು, ಬಹಳ ಮೆಲ್ಲಗೆ.

ನಾನು ಮಾಡಿರಲಿಲ್ಲ. ಆದರೆ ಬಚ್ಚಲಿಗೆ ಹೋದಾಗಲೆಲ್ಲ ಮನಸ್ಸಿನಲ್ಲಿ ಅದನ್ನು ಹೀಗೆಯೇ ಬೇರುಸಮೇತ ಕಿತ್ತು, ಹೀಗೆಯೇ ಗುಡ್ಡೆ ಹಾಕಿದ್ದೆ. ನನ್ನ ಮನಸ್ಸಿನೊಳಗಿನದನ್ನು ಯಾರೋ ಹೊರಗೆ ತಂದು ಇಟ್ಟಂತಿತ್ತು. "ನಾ ಅಲ್ಲ," ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿತು. ಅಪ್ಪ ನಂಬಲಿಲ್ಲ. ಅವರು ನಂಬಲಿಲ್ಲ ಎನ್ನುವುದು ಅವರು ಬೇರೆ ಕಡೆ ಮುಖ ತಿರುಗಿಸಿದ ರೀತಿಯಲ್ಲೇ ಗೊತ್ತಾಯಿತು.

ಚಿಗವ್ವ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಒಲೆ ಊದುವ ಕೊಳವೆ.

"ಆ ಹುಡುಗೀನ ಯಾಕ ಕೇಳ್ತೀರಿ?" ಎಂದಳು. "ನಾ ಕಿತ್ತೀನಿ."

ಅವಳ ಉಗುರಿನ ಸಂದಿಯಲ್ಲಿ ಮಣ್ಣಿತ್ತು, ಬೆರಳ ತುದಿ ಹಸಿರಾಗಿತ್ತು.

"ನೀನಾ?" ಎಂದರು ಅಪ್ಪ. "ಮಕ್ಕಳಂಗ ಬೆಳಿಸಿದ್ದಿ. ಯಾಕ?"

ಅವಳ ದನಿ ಏರಿದ್ದನ್ನು ನಾನು ಮೊದಲ ಸಲ ಕೇಳಿದೆ. "ನಿನ್ನೆ ಉಂಡ್ರಿ. ಅಕ್ಕಿ ತೊಳದಾಕಿ ನಾನು, ಹೊಗಿ ಕುಡದಾಕಿ ನಾನು. ಹೆಸರ ಯಾರದು ತಗೊಂಡ್ರಿ? ಈ ಮನ್ಯಾಗ ಒಲಿ ಆಕೀದು, ಬುಟ್ಟಿ ಆಕೀದು, ಹಾಸಿಗಿ ಆಕೀದು, ಮಗಳು ಆಕೀ ಮಗಳು. ಬಾಗಲಾ ತೆಗದ್ರ ಆಕಿ, ಮುಚ್ಚಿದ್ರ ಆಕಿ. ನಂದು ಅಂತ ಇದ್ದದ್ದು ಈ ಒಂದು ತಪ್ಪಲ. ಅದನ್ನೂ ಆಕಿಗೇ ಕೊಟ್ಟ್ರಿ."

ಅತ್ತಿ ಗಲ್ಲಕ್ಕೆ ಕೈಹಚ್ಚಿದಳು. "ಏನ ಮಾಬೂಬಿ, ಸತ್ತಾಕಿ ಮ್ಯಾಲ ಹೊಟ್ಟಿಕಿಚ್ಚೇನ ನಿಂದು?"

"ಹೌದ್ರಿ," ಎಂದಳು ಚಿಗವ್ವ. "ಇದ್ದಿದ್ರ ಜಗಳಾನರ ಆಡ್ತಿದ್ದೆ. ಸತ್ತಾಕಿ ಜೋಡಿ ಹೆಂಗ ಆಡ್ಲಿ?"

ಅಪ್ಪ ಏನೋ ಹೇಳಲು ಹೋದರು, ಕೆಮ್ಮು ಬಂತು. ತಿರುಗಿ ಅಂಗಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಯಂತ್ರ ಶುರುವಾದ ಸದ್ದು ಕೇಳಿಸಿತು. ಹಬ್ಬದ ಮರುದಿನ ಅವರು ಎಂದೂ ಯಂತ್ರ ಹಚ್ಚಿದವರಲ್ಲ. ಅತ್ತಿ ಸಿಟ್ಟಿನಲ್ಲಿ ಬ್ಯಾಗು ತುಂಬಿಕೊಂಡು, ಮಧ್ಯಾಹ್ನದ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೊರಟೇಹೋದಳು. ಅಪ್ಪ ಆಮೇಲೆ ಎಷ್ಟೋ ದಿನ ಯಾವ ಅಡುಗೆಯನ್ನೂ ಹೊಗಳಲಿಲ್ಲ, ತೆಗಳಲೂ ಇಲ್ಲ. ಹೆದರಿದವರ ಹಾಗೆ ತಾಟಿಗೆ ತಲೆ ಹಾಕಿ ಉಂಡು ಏಳುತ್ತಿದ್ದರು. ಮಣ್ಣಲ್ಲಿ ಉಳಿದ ಬೇರಿನ ತುಂಡುಗಳಿಂದ ಪುದೀನ ತಾನಾಗಿಯೇ ಮತ್ತೆ ಹುಟ್ಟಿತು. ಮುಂದಿನ ಮಳೆಗಾಲದ ಹೊತ್ತಿಗೆ ಲಕ್ಷ್ಮೇಶ್ವರದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಇವೆಲ್ಲ ಆಮೇಲಿನ ಮಾತು. ನನಗೆ ಹೇಳಬೇಕಾಗಿರುವುದು ಅದೇ ದಿನದ್ದು, ಅತ್ತಿ ಹೋದ ಮೇಲಿನ ಬಿಸಿಲ ಹೊತ್ತಿನದು.

ಮನೆ ತಣ್ಣಗಾಗಿತ್ತು. ಚಿಗವ್ವ ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ಮೊಣಕಾಲು ಕಟ್ಟಿಕೊಂಡು ಕುಳಿತಿದ್ದಳು. ಅವಳನ್ನು ನೋಡಿ ನನಗೆ ಮರುಕವಾಯಿತೆಂದರೆ ಸುಳ್ಳಾಗುತ್ತದೆ. ನನಗಾದದ್ದು ಬೇರೆ. ಆರು ತಿಂಗಳು ಆ ಮನೆಯಲ್ಲಿ ನಾನೊಬ್ಬಳೇ ಉರಿಯುತ್ತಿದ್ದೇನೆ, ಉಳಿದವರೆಲ್ಲ ತಣ್ಣಗಿದ್ದಾರೆ ಎಂದು ತಿಳಿದಿದ್ದೆ. ಇವಳು ನನಗಿಂತ ಹೆಚ್ಚು ಉರಿದಿದ್ದಳು, ಅದೂ ಸಪ್ಪಳವಿಲ್ಲದೆ. ಇಡೀ ಬೆಟಗೇರಿಯಲ್ಲಿ ಅವಳ ಸಂಕಟ ಗೊತ್ತಿದ್ದವಳು ನಾನೊಬ್ಬಳೇ. ಅಪ್ಪನಿಗೆ ಅದು ತಿಳಿಯುವಂಥದ್ದಲ್ಲ.

"ತಪ್ಪಲ ಬಾಡಾಕ ಹತ್ತಾವ," ಎಂದೆ. "ಒಣಗಸೂಣೇನು?"

ಅವಳು ತಲೆಯೆತ್ತಿ ನೋಡಿದಳು. ಎದ್ದು ಹೋಗಿ ಮೊರ ತಂದಳು. ಇಬ್ಬರೂ ಗುಡ್ಡೆಯ ಎರಡೂ ಬದಿಗೆ ಕುಳಿತು, ದಂಟಿನಿಂದ ಎಲೆ ಬಿಡಿಸತೊಡಗಿದೆವು. ಯಂತ್ರದ ಸದ್ದು, ನೀಲವ್ವನ ಮನೆಯ ಮಗ್ಗದ ಸದ್ದು.

"ಶಾನೂ," ಎಂದಳು ಚಿಗವ್ವ, ಕಣ್ಣು ಮೊರದ ಮೇಲೇ ಇಟ್ಟು. "ನಿಮ್ಮವ್ವಗ ಏನೇನು ಬರ್ತಿತ್ತು ಅನ್ನೂದು ಕೇಳಿ ಕೇಳಿ ನನ್ನ ಕಿವಿ ತುಂಬ್ಯಾವ. ಆಕಿಗೆ ಬರಲಾರದ್ದು ಏನರ ಇದ್ರ ಹೇಳು."

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಯೋಚಿಸಿದರೆ ಏನೂ ಹೊಳೆಯಲಿಲ್ಲ. ಎರಡು ವರ್ಷದಲ್ಲಿ ಎಲ್ಲರೂ ಸೇರಿ ಅವ್ವನನ್ನು ಅಷ್ಟು ಒಳ್ಳೆಯವಳನ್ನಾಗಿ ಮಾಡಿಬಿಟ್ಟಿದ್ದೆವು, ನಾನೂ ಸೇರಿ. ಅವಳ ಮುಖ ಗೋಡೆಯ ಮೇಲಿನ ಕ್ಯಾಲೆಂಡರಿನ ಚಿತ್ರದ ಹಾಗೆ ಚಪ್ಪಟೆಯಾಗಿತ್ತು.

"ಹಾಲು," ಎಂದೆ ಕೊನೆಗೆ. "ಹಾಲು ಕಾಸಾಕ ಬರ್ತಿರಲಿಲ್ಲ. ಒಲಿ ಮ್ಯಾಲ ಇಟ್ಟು ನೀಲವ್ವನ ಜೋಡಿ ಮಾತಿಗೆ ನಿಂದರ್ತಿದ್ಲು. ಉಕ್ಕಿ ಒಲಿ ಆರಿದ ಮ್ಯಾಲ ನೆನಪಾಗೂದು. ಓಡಿ ಬಂದು ಹಾಲಿಗೇ ಬೈತಿದ್ಲು."

ಚಿಗವ್ವನ ತುಟಿ ಸ್ವಲ್ಪ ಅಲುಗಿತು. "ಮತ್ತ?"

"ಗಾದಿ ಹೊಲಿಯಾಕ ಬರ್ತಿರಲಿಲ್ಲ. ಸಾಲು ಹಾವು ಹರಿದಂಗ. ಅಪ್ಪ ಆಕಿ ಮಲಗಿದ ಮ್ಯಾಲ ಬಿಚ್ಚಿ ಮತ್ತ ಹೊಲೀತಿದ್ರು. ಆಕಿಗೆ ಹೇಳಬ್ಯಾಡ ಅಂತ ನನಗ ಕಣ್ಣು ಹೊಡೀತಿದ್ರು."

ಅವಳು ನಕ್ಕೇಬಿಟ್ಟಳು. ನಾನೂ ನಕ್ಕೆ. ನಗುತ್ತಿದ್ದಂತೆ ಅವ್ವ ಕಂಡಳು. ಎಲ್ಲರ ಬಾಯಲ್ಲಿನ ಖಾಜಾಬಿಯಲ್ಲ, ನನ್ನ ಅವ್ವ. ಕೈಗೆ ಮಸಿ, ಹಣೆಗೆ ಬೆವರು, ಉಕ್ಕಿದ ಹಾಲಿನ ಪಾತ್ರೆಗೆ ಶಾಪ ಹಾಕುತ್ತಾ ಅಡುಗೆಮನೆಯ ತುಂಬ ಓಡಾಡುವ ದಪ್ಪನೆಯ ಹೆಂಗಸು. ಅವಳು ಸತ್ತ ಮೇಲೆ ನಾನು ಅವಳನ್ನು ಅಷ್ಟು ಚೆನ್ನಾಗಿ ಕಂಡದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಪುದೀನದ ಘಾಟು ಎಂಬಂತೆ ತೋಳಿನಿಂದ ಒರೆಸಿಕೊಂಡೆ.

ಚಿಗವ್ವ ಅದನ್ನು ಕಾಣದವಳಂತೆ ಎಲೆ ಬಿಡಿಸುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ, ತುಸು ಹೆದರಿದ ದನಿಯಲ್ಲಿ ಕೇಳಿದಳು:

"ಆಕಿಗೂ ಹೊಟ್ಟಿಕಿಚ್ಚು ಆಗ್ತಿತ್ತೇನು? ಯಾರ ಮ್ಯಾಲರ?"

"ಭಾಳ," ಎಂದೆ. "ನೀಲವ್ವ ಹೊಸಾ ಸೀರಿ ಉಟ್ರ ಎರಡು ದಿನ ಮಾತಾಡ್ತಿರಲಿಲ್ಲ. ಬಾಜೂ ಓಣ್ಯಾಗ ಯಾರರ ಚಲೋ ಅಡಗಿ ಮಾಡ್ಯಾರ ಅಂತ ಕೇಳಿದ್ರ ಉಪ್ಪು ಹೆಚ್ಚಾಗಿತ್ತಂತ ಅಂತಿದ್ಲು, ತಿಂದು ನೋಡಲಾರದ."

ಅವಳ ಕೈ ನಿಂತಿತು. ದಂಟನ್ನು ಬೆರಳಲ್ಲಿ ತಿರುಗಿಸುತ್ತಾ ಕುಳಿತಳು.

"ಮತ್ತ… ನನ್ನ ಮ್ಯಾಲ?"

ನಾನು ಅವಳ ಮುಖ ನೋಡಿದೆ. ಹಿಂದಿನ ದಿನ ಅಪ್ಪನ ಮೊದಲ ತುತ್ತಿಗೆ ಕಾಯುತ್ತಾ ಬಾಗಿಲ ಮರೆಯಲ್ಲಿ ನಿಂತಿದ್ದಳಲ್ಲ, ಅದೇ ಮುಖ. ಅಪ್ಪ ಕೊಡದೆ ಹೋದದ್ದನ್ನು ಕೊಡುವ ಅಧಿಕಾರ ಆ ಮನೆಯಲ್ಲಿ ಇನ್ನು ನನಗೊಬ್ಬಳಿಗೇ ಇತ್ತು. ಕೊಡಲು ಮನಸ್ಸು ಬರಲಿಲ್ಲ. ಆದರೂ ನಾನು ಹೇಳಬೇಕಿದ್ದ ಮಾತು ಸುಳ್ಳಾಗಿರಲಿಲ್ಲ.

"ನಿನ್ನಿನ ಬಿರಿಯಾನಿ ಅವ್ವನದಕಿಂತ ಬ್ಯಾರೆ ಇತ್ತು, ಆಕಿ ಅಷ್ಟು ಪುದೀನಾ ಹಾಕ್ತಿರಲಿಲ್ಲ," ಎಂದೆ. "ಅಪ್ಪಗ ಗೊತ್ತಾಗಿಲ್ಲ. ಆಕಿ ಉಂಡಿದ್ರ ಆಕಿಗೆ ಗೊತ್ತಾಗ್ತಿತ್ತು. ಒಂದು ವಾರ ನಿನ್ನ ಮಾರಿ ನೋಡ್ತಿರಲಿಲ್ಲ."

ಚಿಗವ್ವ ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟಳು.

"ಖರೇ?" ಎಂದಳು.

"ಖರೇ."

ಅವಳು ಎದ್ದು ಒಳಗೆ ಹೋದಳು. ನಿನ್ನೆಯ ಬೋಗುಣಿಯಲ್ಲಿ ಉಳಿದಿದ್ದ ಬಿರಿಯಾನಿಯನ್ನು ಎರಡು ತಾಟಿಗೆ ಬಡಿಸಿಕೊಂಡು ಬಂದು, ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ತಾನು ಹಿಡಿದು ಅದೇ ಹೊಸ್ತಿಲ ಮೇಲೆ ಕುಳಿತಳು. ನಿನ್ನೆಯಿಂದ ಉಪವಾಸವಿದ್ದವರು ನಾವಿಬ್ಬರೇ. ತಣ್ಣಗಾದ ಅನ್ನವನ್ನು ಒಬ್ಬರ ಮುಖ ಒಬ್ಬರು ನೋಡದೆ, ತಾಟು ಬರಿದಾಗುವವರೆಗೆ ಉಂಡೆವು.